ಹೂ ಬಿಟ್ಟ ಈರುಳ್ಳಿ

ಬೀಗದಜ್ಜ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಓಣಿಯವರೆಲ್ಲ ಅಯ್ಯೋ ಪಾಪ ಅಂದರು. ಆಸ್ಪತ್ರೆಯಿಂದ ಮನೆಗೆ ಬಂದು ವಾರ ಕಳೆಯುವುದರೊಳಗೆ, ಪಾಪ ಅನ್ನಬೇಕಾದದ್ದು ಅವನಿಗೋ ಅವನ ಮನೆಯವರಿಗೋ ಎಂಬ ಅನುಮಾನ ಎಲ್ಲರಿಗೂ ಬಂತು. ಕಾಲು ನಿಂತಿತ್ತು, ಬಾಯಿ ನಿಂತಿರಲಿಲ್ಲ. ಕುರ್ಚಿಯಲ್ಲಿ ಕೂತಲ್ಲಿಂದಲೇ ಮನೆಯ ಆಡಳಿತ ನಡೆಯಿತು. ನಲ್ಲಿ ಅಷ್ಟು ಬಿಗಿಯಾಗಿ ತಿರುಗಿಸಬೇಡ, ಚಾಕು ಹಾಗೆ ಹಿಡಿಯಬೇಡ, ಬಾಗಿಲ ತಿರುಗಣೆಗೆ ಎಣ್ಣೆ ಬಿಡಿ. ಬಿಟ್ಟ ಮೇಲೆ, ಇಷ್ಟು ಎಣ್ಣೆ ಯಾರು ಬಿಡೋಕೆ ಹೇಳಿದ್ದು. ಸೊಸೆ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಗಿರಾಕಿಗಳಿಗೆ ಮಾತ್ರೆ ಕೊಟ್ಟು ಸುಸ್ತಾಗಿ ಬಂದರೆ, ಮಾತ್ರೆ ಹೇಗೆ ಕೊಡಬೇಕು ಅನ್ನುವುದನ್ನೂ ಮಾವನೇ ಹೇಳಿಕೊಡುತ್ತಿದ್ದ.

ಮನೆಯ ಮುಂದಿನ ಕೋಣೆಯೇ ಬೀಗದ ಅಂಗಡಿ. ಅಜ್ಜ ಜೀವಮಾನವೆಲ್ಲ ಅಲ್ಲಿ ಕೂತು ಅರದಿಂದ ಬೀಗದಕೈಗಳ ಹಲ್ಲು ಉಜ್ಜಿದವನು. ಈಗ ಮಗ ಕೂರುತ್ತಿದ್ದ. ಮಗನ ಕೆಲಸ ತಕ್ಕಮಟ್ಟಿಗೆ ಚೆನ್ನಾಗಿಯೇ ಇತ್ತು. ಅದನ್ನು ಒಪ್ಪಿಕೊಂಡರೆ ತನ್ನದೇನೋ ಕಳೆದುಹೋಗುತ್ತದೆ ಎಂಬಂತೆ ಅಜ್ಜ ಊರುಗೋಲು ಹಿಡಿದು ಅಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

ಒಂದು ದಿನ ಒಬ್ಬ ಹೆಂಗಸು ಹೊಸ ಬೀಗದಕೈ ಮಾಡಿಸಲು ಕಪಾಟಿನ ಬೀಗ ಬಿಚ್ಚಿಸಿ ತಂದಿದ್ದಳು. ಮಗ ಅರ ಎತ್ತಿಕೊಂಡ. "ಅಷ್ಟು ಒತ್ತಬೇಡ" ಅಂದ ಅಜ್ಜ. ಮಗ ಕೈ ಹಗುರ ಮಾಡಿದ. "ಹಾಗೆ ಸವರಿದ್ರೆ ನಾಳೆಯವರೆಗೂ ಆಗಲ್ಲ." ಮಗ ಉಸಿರು ಬಿಟ್ಟು ಮತ್ತೆ ಒತ್ತಿದ. "ಕೆಡಿಸಿದೆ ನೋಡು. ಈ ಬೀಗದಕೈ ಸಿಕ್ಕಿಹಾಕಿಕೊಳ್ಳದೇ ಇದ್ರೆ ನನ್ನ ಹೆಸರು ಬದಲಾಯಿಸಿ." ಆ ಹೆಂಗಸು ಕೈಚಾಚಿ ತನ್ನ ಬೀಗ ವಾಪಸ್ಸು ತೆಗೆದುಕೊಂಡಳು. "ಮೊದಲು ನೀವಿಬ್ಬರೂ ತೀರ್ಮಾನ ಮಾಡ್ಕೊಳ್ಳಿ, ಆಮೇಲೆ ಬರ್ತೀನಿ" ಅಂತ ಹೊರಟೇ ಹೋದಳು.

ಟೀ ತಂದಿದ್ದ ಸೊಸೆ ಲೋಟವನ್ನು ಬೆಂಚಿನ ಮೇಲೆ ಠಕ್ಕೆಂದು ಇಟ್ಟಳು. "ಮಾವ, ನಿಮ್ಮನ್ನ ಕೇಳಿದ್ರೆ ಹೇಳಿ. ಕೇಳದೆ ಇದ್ರೆ ದಯವಿಟ್ಟು ಸುಮ್ನಿರಿ."

ಮಗ ತಲೆ ಎತ್ತಲಿಲ್ಲ. ಪಕ್ಕದ ಅಂಗಡಿಯ ದರ್ಜಿ ಬಾಯಲ್ಲಿ ದಾರ ಕಚ್ಚಿಕೊಂಡೇ ಇತ್ತ ನೋಡಿದ, ಮತ್ತೆ ಏನೂ ಕೇಳಿಸದವನಂತೆ ಹೊಲಿಗೆ ಯಂತ್ರ ತುಳಿಯತೊಡಗಿದ. ಅಷ್ಟು ಸಾಕಾಯಿತು. ಸೊಸೆಯ ಮಾತಿಗಿಂತ ಆ ದರ್ಜಿ ಅದನ್ನು ಕೇಳಿಸಿಕೊಂಡದ್ದು ಅಜ್ಜನಿಗೆ ಚುಚ್ಚಿತು. ದರ್ಜಿಗಿಂತ, ಮಗ ತಲೆ ಎತ್ತದಿದ್ದದ್ದು ಹೆಚ್ಚು ಚುಚ್ಚಿತು.

ಸೊಸೆ ಆಡಿದ್ದನ್ನು ಸಂಜೆಗೇ ಮರೆತಳು. "ಬೆನ್ನಿಗೆ ಬಿಸಿನೀರಿನ ಚೀಲ ಕೊಡ್ಲಾ ಮಾವ?" ಅಂತ ಬಂದಳು. ಸಿಟ್ಟು ಬಂದಾಗ ಸಿಡುಕಿ, ಇಳಿದ ಮೇಲೆ ಮರೆಯುವ ಜಾತಿ ಅವಳದು. ಅಜ್ಜನದು ಬೇರೆ ಜಾತಿ. ಕೇಳಿದರೆ ಹೇಳಬೇಕು ತಾನೇ? ಆಗಲಿ, ಕೇಳಲಿ, ಹೇಳುತ್ತೇನೆ. ಅಂದಿನಿಂದ ಅವನು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಕುರ್ಚಿಯನ್ನು ಹಿಂದಿನ ಕಿಟಕಿಗೆ ಎಳೆಸಿಕೊಂಡು, ಹಿತ್ತಲ ಕಡೆ ಮುಖ ಮಾಡಿ, ತುಟಿ ಪಿಟಕ್ಕೆನ್ನದೆ ಕೂತ. ನಲ್ಲಿ ಸೋರಿದರೂ ಹೇಳಲಿಲ್ಲ, ಹಾಲು ಉಕ್ಕಿದರೂ ಹೇಳಲಿಲ್ಲ.

ಹಿತ್ತಲು ಅಂದರೆ ಮಹಾ ಏನಲ್ಲ. ಕಡಿದಾದ ಮೆಟ್ಟಿಲಿಳಿದರೆ ಒಂದು ಉದ್ದನೆಯ ಮಡಿ, ಬಟ್ಟೆ ಒಣಹಾಕುವ ತಂತಿ, ಮೂಲೆಯಲ್ಲಿ ಸಿಮೆಂಟಿನ ನೀರಿನ ತೊಟ್ಟಿ. ತೊಟ್ಟಿಯ ಹಿಂದೆ ಕೈಯಗಲದ ಜಾಗ. ಅದು ಕಿಟಕಿಗೆ ಕಾಣದು. ಈ ಮಡಿಯಲ್ಲಿ ಅಜ್ಜ ವರ್ಷವೂ ಈರುಳ್ಳಿ ಬೆಳೆಯುತ್ತಿದ್ದ. ಅದು ಅವನ ಅಮ್ಮನ ಈರುಳ್ಳಿ. ಗಾಢ ಕೆಂಪು ಸಿಪ್ಪೆ, ಸಣ್ಣ ಕುತ್ತಿಗೆ, ಹೆಚ್ಚುವಾಗ ಕಣ್ಣಲ್ಲಿ ನೀರು ತರಿಸುವ ಖಾರ. ಜಡೆ ಹೆಣೆದು ತೂಗುಹಾಕಿದರೆ ಮುಂದಿನ ಬೆಳೆ ಬರುವವರೆಗೂ ಮೊಳೆಯದು, ಕೊಳೆಯದು. ಅಮ್ಮ ತೀರಿಕೊಂಡಾಗ ಅವಳದು ಅಂತ ಅವನಿಗೆ ಉಳಿದದ್ದು ಅದೊಂದೇ. ಅವಳ ಮುಖ ಈಗ ಸರಿಯಾಗಿ ನೆನಪಿಲ್ಲ. ಆದರೆ ಆ ಈರುಳ್ಳಿ ಹೆಚ್ಚಿದ ವಾಸನೆ ಬಂದರೆ ಅಮ್ಮ ಅಡುಗೆಮನೆಯಲ್ಲೇ ಇದ್ದಾಳೆ ಅನ್ನಿಸುತ್ತಿತ್ತು.

ಈರುಳ್ಳಿ ಬೀಜಕ್ಕೆ ಆಯಸ್ಸು ಕಡಿಮೆ. ಒಂದು ವರ್ಷ ಕಳೆದರೆ ಅದು ಬರೀ ಕರಿಮಣ್ಣು. ಹಾಗಾಗಿ ಅಜ್ಜ ವರ್ಷವರ್ಷವೂ ಹೊಸ ಬೀಜ ಎತ್ತುತ್ತಿದ್ದ. ಬೆಳೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಕೆಲವು ಗಡ್ಡೆಗಳನ್ನು ತಾಯಿಗಡ್ಡೆ ಅಂತ ಬೇರೆ ದಾರಕ್ಕೆ ಕಟ್ಟಿ, ಅಂಗಡಿಯಲ್ಲಿ ಬೀಗದಕೈಗಳ ಹಲಗೆಯ ಹಿಂದೆ ತೂಗುಹಾಕುತ್ತಿದ್ದ. ನೆಡುವ ಕಾಲಕ್ಕೆ ಅವು ತೊಟ್ಟಿಯ ಹಿಂದಿನ ಮೂಲೆಗೆ. ಅವು ಹೂಬಿಟ್ಟು ಕೊಟ್ಟ ಬೀಜದಿಂದ ಪುಟ್ಟ ಗಡ್ಡೆ, ಪುಟ್ಟ ಗಡ್ಡೆಯಿಂದ ಮುಂದಿನ ಬೆಳೆ. ಬೀಜವನ್ನು ಯಾರಿಗೂ ಒಂದು ಚಿಟಿಕೆ ಕೊಟ್ಟವನಲ್ಲ. ದರ್ಜಿ ಒಮ್ಮೆ ಬಾಯಿಬಿಟ್ಟು ಕೇಳಿದ್ದಕ್ಕೆ, "ಇದು ನಿಮ್ಮ ಮಣ್ಣಿಗೆ ಒಗ್ಗಲ್ಲ" ಅಂದುಬಿಟ್ಟಿದ್ದ. ಎರಡು ಮನೆಯ ಮಣ್ಣಿನ ನಡುವೆ ಇದ್ದದ್ದು ಮೋಟುಗೋಡೆ ಒಂದೇ. ದರ್ಜಿ ಮರ್ಯಾದಸ್ಥ, ನಗಲಿಲ್ಲ.

ನೆಡುವ ಕಾಲ ಬಂತು. "ಈ ವರ್ಷ ಮಡಿ ನಾನು ನೋಡ್ಕೋತೀನಿ ಮಾವ, ನೀವು ಆರಾಮಾಗಿ ಕೂತ್ಕೊಳ್ಳಿ" ಅಂದಳು ಸೊಸೆ. ರಜೆಯ ದಿನ ಮಡಿ ಅಗೆದಳು, ಮಣ್ಣಿನ ಹೆಂಟೆ ಒಡೆದಳು. ಒಣಗಿಸಿಟ್ಟಿದ್ದ ಪುಟ್ಟ ಗಡ್ಡೆಗಳ ಬುಟ್ಟಿ ತಂದು ಮೆಟ್ಟಿಲ ಮೇಲೆ ಕೂತು ಆರಿಸತೊಡಗಿದಳು. ದಪ್ಪನೆಯವು ಒಂದು ಕಡೆ, ಸಣ್ಣವು ಒಂದು ಕಡೆ. ಸಣ್ಣವನ್ನೆಲ್ಲ ಅಡುಗೆಮನೆಯ ತಟ್ಟೆಗೆ ಸುರಿದಳು.

ಅಜ್ಜ ಕಿಟಕಿಯಲ್ಲಿ ನೆಟ್ಟಗಾದ. ಅವನು ಮಾಡುತ್ತಿದ್ದದ್ದು ಇದರ ತದ್ವಿರುದ್ಧ. ಗೋಲಿಯಷ್ಟಿರುವುದು ಮಣ್ಣಿಗೆ, ಅದಕ್ಕಿಂತ ದಪ್ಪನೆಯದು ಒಲೆಗೆ. ದಪ್ಪ ಗಡ್ಡೆ ನೆಟ್ಟರೆ, ನಡುವೆ ನಾಲ್ಕು ದಿನ ಚಳಿ ಹೊಡೆದರೆ ಸಾಕು, ಅದಕ್ಕೆ ತನ್ನ ಕಾಲ ಮುಗಿಯಿತು ಅನ್ನಿಸಿಬಿಡುತ್ತದೆ. ಗಡ್ಡೆ ತುಂಬುವುದನ್ನು ಬಿಟ್ಟು ಹೂದಂಟು ಎತ್ತಿ ಬೀಜಕ್ಕೆ ಓಡುತ್ತದೆ. ಆಮೇಲೆ ಅದರ ಕೆಳಗೆ ಸಿಗುವುದು ಕಟ್ಟಿಗೆಯಂಥ ನಡುದಿಂಡು.

ಒಂದು ಮಾತು ಸಾಕಿತ್ತು. ಆ ಮಾತು ಗಂಟಲವರೆಗೂ ಬಂತು. ಅಷ್ಟರಲ್ಲಿ ಸೊಸೆ ತಲೆ ಎತ್ತಿ ನಕ್ಕಳು. "ಒಳ್ಳೊಳ್ಳೆ ದಪ್ಪದ್ದನ್ನೇ ಆರಿಸಿದೀನಿ ಮಾವ."

ಅವಳು ಕೇಳಿದಳೇ? ಇಲ್ಲ. ಹೇಳಿದಳು. ಅಜ್ಜ ಅದನ್ನು ತಕ್ಕಡಿಗೆ ಹಾಕಿ ತೂಗಿ ನೋಡಿದ. "ಹೂಂ" ಅಂದ.

ಚಳಿ ಅವನ ಕಡೆಗಿತ್ತು. ಗಿಡಗಳು ಚೆನ್ನಾಗಿ ಎದ್ದು ಎಲೆ ಚಾಚಿದ ಹೊತ್ತಿಗೆ, ಹಾಸಿಗೆ ಬಿಟ್ಟೇಳಲು ಮನಸ್ಸಾಗದಂಥ ಚಳಿ ಬಿತ್ತು. ಆಮೇಲೆ ಬಿಸಿಲು. ಒಂದು ಬೆಳಿಗ್ಗೆ ಮಡಿಯ ನಡುವೆ ಎಲೆಗಿಂತ ದಪ್ಪನೆಯ, ತುದಿಯಲ್ಲಿ ಮೊಗ್ಗಿನ ಗುಬುಟು ಹೊತ್ತ ದಂಟೊಂದು ನಿಂತಿತ್ತು. ಮಾರನೆಯ ದಿನ ಇನ್ನಷ್ಟು. ವಾರದೊಳಗೆ ಮಡಿ ತುಂಬ ಅವೇ. ಅಜ್ಜನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಸೊಸೆ ಕಿಟಕಿಯ ಕೆಳಗೆ ಬಂದು ನಿಂತಳು. ಕೈಯಲ್ಲಿ ನೀರಿನ ಚೊಂಬು. "ಮಾವ, ಈರುಳ್ಳಿಗೆ ಹೂವು ಬರ್ತಿದೆ. ನೀವು ಹಿಂದೆ ಇದನ್ನ ಮುರಿದುಹಾಕ್ತಿದ್ರಿ ಅಂತ ಇವರು ಅಂದ್ರು. ಇದು ಒಳ್ಳೇದಾ, ಕೆಟ್ಟದ್ದಾ? ಏನ್ಮಾಡ್ಲಿ?"

ಕೇಳಿದಳು. ಇಷ್ಟು ದಿನ ಅವನು ಕಾದು ಕೂತದ್ದು ಇದಕ್ಕೇ. ಇನ್ನೂ ಏನೂ ಪೂರಾ ಕೆಟ್ಟಿರಲಿಲ್ಲ. ಹೂಬಿಟ್ಟ ಗಿಡಗಳನ್ನು ಕಿತ್ತು ಮೊದಲು ಅಡುಗೆಗೆ ಬಳಸಬೇಕು, ಬಿಡದವಕ್ಕೆ ಜಾಗ ಮಾಡಿಕೊಡಬೇಕು, ದಂಟು ಮಾತ್ರ ಅರಳಲು ಬಿಡಬಾರದು. ಹೇಳಲು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಬೇಕಿರಲಿಲ್ಲ.

ಆದರೆ ಮನುಷ್ಯನ ಹೊಟ್ಟೆಯುರಿ ನೋಡಿ. ಇಷ್ಟಕ್ಕೇ ಹೇಳಿಬಿಟ್ಟರೆ ಅವಳು ಕಲಿಯುವುದೇನು? ಬೆಳೆ ಪೂರ್ತಿ ಕೈಕೊಡಲಿ, ಓಣಿಯವರು ನೋಡಲಿ, ದರ್ಜಿಯೂ ನೋಡಲಿ. ಆಗ ಬಂದು, ಮಾವ ನೀವಿಲ್ಲದೆ ಆಗಲ್ಲ ಅನ್ನಲಿ.

"ಒಳ್ಳೇದೇ" ಅಂದ ಅಜ್ಜ.

"ಮತ್ತೆ ನೀವು ಮುರೀತಿದ್ದದ್ದು?"

"ಅದು ಬೇರೆ. ಇದನ್ನ ಹಾಗೇ ಬಿಡು. ಅರಳಲಿ."

"ಅಬ್ಬಾ, ನಾನು ಹೆದರಿಬಿಟ್ಟಿದ್ದೆ" ಅಂತ ಸೊಸೆ ಚೊಂಬಿನ ನೀರನ್ನು ಗಿಡಗಳ ಬುಡಕ್ಕೆ ಹೊಯ್ದಳು.

ದಂಟುಗಳು ಅರಳಿದವು. ತಂತಿಯ ಬಟ್ಟೆಗಳ ಕೆಳಗೆ ಬಿಳಿ ಚೆಂಡುಗಳು ಸಾಲುಸಾಲಾಗಿ ತೂಗಿದವು. ದರ್ಜಿ ಗೋಡೆಯ ಮೇಲಿಂದ ಕತ್ತು ಚಾಚಿ, "ಈರುಳ್ಳಿಗೂ ಹೂವಾಗುತ್ತಾ! ನನ್ನ ವಯಸ್ಸಿಗೆ ಇದೇ ಮೊದಲು ನೋಡಿದ್ದು" ಅಂದ. "ಮಾವನ ಗಡ್ಡೆ ಅಣ್ಣ, ಸುಮ್ನೆ ಅಲ್ಲ" ಅಂದಳು ಸೊಸೆ. ಅಜ್ಜ ಒಳಗೊಳಗೇ ನಗುತ್ತ ಕಿಟಕಿಯಲ್ಲಿ ಕೂತಿದ್ದ. ಜೇನುಹುಳಗಳು ಬಂದವು. ಮಡಿಯ ಮೇಲೆ ಸುತ್ತಿ, ತೊಟ್ಟಿಯ ಹಿಂದಕ್ಕೆ ಹೋಗಿ, ಮತ್ತೆ ಮಡಿಗೆ ಬಂದವು. ಅವುಗಳಿಗೆ ತೊಟ್ಟಿಯ ಹಿಂದೆ ಏನು ಕೆಲಸ ಅಂತ ಅವನು ಯೋಚಿಸಲಿಲ್ಲ. ನೀರು ಕುಡಿಯಲು ಹೋಗುತ್ತವೆ ಅಂದುಕೊಂಡ.

ಒಮ್ಮೆ ಮಾತ್ರ ಮನಸ್ಸು ಮೆತ್ತಗಾಯಿತು. ಸೊಂಟದ ನೋವು ಹೆಚ್ಚಾಗಿ ಅವನು ನರಳುತ್ತಿದ್ದಾಗ ಸೊಸೆ ಔಷಧಿ ಅಂಗಡಿಗೆ ರಜೆ ಹಾಕಿ ಮನೆಯಲ್ಲೇ ಉಳಿದಳು. ಮಗ್ಗುಲು ಬದಲಿಸಿದಳು, ಮೈ ಒರೆಸಿದಳು, ಮುಖ ಸಿಂಡರಿಸಲಿಲ್ಲ. ಇನ್ನೂ ಹೊತ್ತು ಮೀರಿಲ್ಲ, ಹೇಳಿಬಿಡೋಣ ಅಂದುಕೊಂಡ. ಅಷ್ಟರಲ್ಲಿ ಅವಳು ಅಡುಗೆಮನೆಯಲ್ಲಿ ಗಂಡನಿಗೆ ಹೇಳುವುದು ಕೇಳಿಸಿತು. "ಮಾವ ಈಗ ಎಷ್ಟು ಬದಲಾಗಿದ್ದಾರೆ ಅಲ್ವಾ? ಒಂದು ಮಾತಿಲ್ಲ. ಮನೆ ಎಷ್ಟು ತಣ್ಣಗಿದೆ." ಅವಳು ಹೊಗಳಿಯೇ ಹೇಳಿದ್ದು. ಅಜ್ಜ ಗೋಡೆಯ ಕಡೆ ತಿರುಗಿ ಮಲಗಿದ.

ಎಲೆಗಳು ಹಳದಿಯಾಗಿ ಬಾಗಿದವು, ಹೂಚೆಂಡುಗಳು ಒಣಗಿ ಬಿರಿದು ಒಳಗಿನ ಕಪ್ಪು ಕಾಳು ತೋರಿಸಿದವು. ಸೊಸೆ ಮೊದಲು ಚೆಂಡುಗಳನ್ನು ಕತ್ತರಿಸಿ ಒಳಗೆ ಒಣಗಿಸಲಿಟ್ಟಳು, ವಾರ ಬಿಟ್ಟು ಗಿಡ ಕೀಳಲು ಹೋದಳು. ಒಂದು ಕಿತ್ತಳು, ನೋಡಿದಳು. ಇನ್ನೊಂದು ಕಿತ್ತಳು. ನಾಲ್ಕಾರು ಕಿತ್ತ ಮೇಲೆ ಹಾಗೇ ಮಡಿಯ ಅಂಚಿನಲ್ಲಿ ಕುಕ್ಕರಿಸಿದಳು. ಹೂ ಬಿಡದೆ ಉಳಿದ ಗಿಡ ಒಂದೂ ಇರಲಿಲ್ಲ. ಗಡ್ಡೆಗಳು ನೆಟ್ಟಾಗ ಇದ್ದದ್ದಕ್ಕಿಂತ ಹೆಚ್ಚೇನೂ ದೊಡ್ಡವಾಗಿರಲಿಲ್ಲ. ನಡುವೆ ಹೆಬ್ಬೆರಳು ದಪ್ಪದ ದಿಂಡು, ಸುತ್ತ ಒಡೆದ ಸಿಪ್ಪೆ. ಜಡೆ ಹೆಣೆಯುವುದಿರಲಿ, ತಿಂಗಳಿಡಲೂ ಬಾರದಂಥವು.

ಅಜ್ಜ ಕುರ್ಚಿಯಲ್ಲಿ ಸರಿಯಾಗಿ ಕೂತು ಹೆಗಲ ಮೇಲಿನ ಟವೆಲು ನೇರ ಮಾಡಿಕೊಂಡ. ಹೇಳಬೇಕಾದ ಮಾತನ್ನು ಎಷ್ಟೋ ಸಲ ಮನಸ್ಸಿನಲ್ಲಿ ಅಭ್ಯಾಸ ಮಾಡಿದ್ದ. ಮೊದಲು ಸ್ವಲ್ಪ ಹೊತ್ತು ಸುಮ್ಮನಿರುವುದು, ಆಮೇಲೆ ನಿಟ್ಟುಸಿರು, ಆಮೇಲೆ, "ನನ್ನನ್ನ ಒಂದು ಮಾತು ಕೇಳಿದ್ರೆ..."

ಸೊಸೆ ಒಳಗೆ ಬಂದಳು. ಕೈಯೆಲ್ಲ ಮಣ್ಣು, ಕಣ್ಣು ಕೆಂಪು. ಆದರೆ ಕಂಕುಳಲ್ಲಿ ಸ್ಟೀಲ್ ಡಬ್ಬಿ ಇತ್ತು, ಮುಖದಲ್ಲಿ ನಗುವನ್ನೂ ಹೇಗೋ ತಂದುಕೊಂಡಿದ್ದಳು.

"ಗಡ್ಡೆ ಕೈಕೊಡ್ತು ಮಾವ. ನಂದೇ ಏನೋ ತಪ್ಪಾಗಿರಬೇಕು. ಆದ್ರೆ ನೀವು ಹೂವು ಹಾಗೇ ಬಿಡು ಅಂದಿದ್ದು ಯಾಕೆ ಅಂತ ಈಗ ಅರ್ಥ ಆಯ್ತು. ಬೆಳೆ ಹೋದ್ರೂ ಬೀಜ ಉಳೀಲಿ ಅಂತ ತಾನೇ? ನೋಡಿ, ಎಷ್ಟೊಂದು ಬೀಜ!"

ಡಬ್ಬಿಯ ಮುಚ್ಚಳ ತೆಗೆದು ಅವನ ತೊಡೆಯ ಮೇಲಿಟ್ಟಳು. ಅರ್ಧದಷ್ಟು ತುಂಬಿದ ಕಪ್ಪು ಕಾಳು. ಹೂದಂಟಿಗೆ ಓಡಿದ ಗಿಡದ ಬೀಜ ಅದು, ನೆಟ್ಟರೆ ಮತ್ತೆ ಹೂದಂಟಿಗೇ ಓಡುತ್ತದೆ. ಅಜ್ಜ ಮನಸ್ಸಿನಲ್ಲೇ ಅದನ್ನು ಕಸಕ್ಕೆ ಹಾಕಿಯಾಗಿತ್ತು. ಅವನ ಭರವಸೆ ಇದ್ದದ್ದು ಅಂಗಡಿಯ ಹಲಗೆಯ ಹಿಂದೆ ತೂಗುತ್ತಿದ್ದ ತಾಯಿಗಡ್ಡೆಗಳಲ್ಲಿ. ಅವನ್ನು ನೆಡುವ ಹೊತ್ತು ಈ ವರ್ಷ ತಪ್ಪಿತು, ನಿಜ. ಆದರೆ ಅಮ್ಮನ ಈರುಳ್ಳಿ ಅಷ್ಟು ಬೇಗ ಸಾಯುವ ಸರಕಲ್ಲ, ಮುಂದಿನ ಚಳಿಯವರೆಗೆ ಒಂದೆರಡಾದರೂ ತಡೆದುಕೊಳ್ಳುತ್ತವೆ ಅನ್ನುವ ಧೈರ್ಯ ಅವನಿಗಿತ್ತು.

"ನಿಮ್ಮ ಮೂಲೆಯದ್ದೂ ಇದರಲ್ಲೇ ಇದೆ ಮಾವ" ಅಂದಳು ಸೊಸೆ.

"ಯಾವ ಮೂಲೆ?"

"ತೊಟ್ಟಿ ಹಿಂದೆ. ನೀವು ವರ್ಷವೂ ಹಲಗೆ ಹಿಂದಿನ ಗಡ್ಡೆ ತೆಗೆದು ಅಲ್ಲಿ ನೆಡ್ತಿದ್ರಲ್ಲ. ಅದು ನಿಮ್ಮ ಅಮ್ಮಂದು ಅಂತ ಅತ್ತೆ ಇದ್ದಾಗ ಹೇಳಿದ್ರು. ನೀವು ಅಂಗಡಿ ಕಡೆ ಬರೋದೇ ಬಿಟ್ಟಿದ್ರಿ. ನೆನಪು ಮಾಡಿದ್ರೆ ಬೇಜಾರು ಮಾಡ್ಕೋತೀರಿ ಅಂತ ನಾನೇ ನೆಟ್ಟೆ. ಅವು ಮಾತ್ರ ಎಷ್ಟು ಚೆನ್ನಾಗಿ ಬಂದಿದ್ವು ಗೊತ್ತಾ."

ಅಜ್ಜ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಎಲ್ಲಾನೂ ನೆಟ್ಟೆಯಾ? ದಾರದಲ್ಲಿ ಒಂದೂ ಬಿಡಲಿಲ್ವಾ?"

"ಎಲ್ಲಾನೂ."

"ಬೀಜ ಬೇರೆ ಇಡಲಿಲ್ವಾ?"

"ಯಾಕೆ, ಎರಡೂ ಒಂದೇ ಅಲ್ವಾ? ಎಲ್ಲ ಸೇರಿಸಿ ಒಣಗಿಸಿದೆ. ದರ್ಜಿ ಅಣ್ಣನ ಮನೆಗೂ ಒಂದು ಹಿಡಿ ಕೊಟ್ಟೆ, ಮಾವ ಕೊಟ್ಟಿದ್ದು ಅಂತ ಹೇಳಿ."

ಅಜ್ಜ ಪಕ್ಕದಲ್ಲಿದ್ದ ತಟ್ಟೆಗೆ ಬೀಜವನ್ನೆಲ್ಲ ಸುರಿದ. ಬೆರಳಿನಿಂದ ಹರಡಿ, ಒಂದೊಂದನ್ನೇ ಮುಟ್ಟಿ, ಉಜ್ಜಿ, ಕಣ್ಣಿನ ಹತ್ತಿರ ಹಿಡಿದು ನೋಡತೊಡಗಿದ. ಕತ್ತಲೆಯಲ್ಲಿ ಬರೀ ಬೆರಳಿನಿಂದ ತಡವಿ ಬೇಕಾದ ಬೀಗದಕೈಯನ್ನು ಗೊಂಚಲಿನಿಂದ ತೆಗೆಯುತ್ತಿದ್ದವನು. ಇಲ್ಲಿ ಎಲ್ಲವೂ ಒಂದೇ ಕಪ್ಪು, ಒಂದೇ ಒರಟು. ತೊಟ್ಟಿಯ ಹಿಂದಕ್ಕೂ ಮಡಿಗೂ ಓಡಾಡುತ್ತಿದ್ದ ಜೇನುಹುಳಗಳು ಆಗ ನೆನಪಾದವು. ಬೇರೆ ಇಟ್ಟಿದ್ದರೂ ಪ್ರಯೋಜನವಿರಲಿಲ್ಲ. ಬೆರಕೆ ಡಬ್ಬಿಯಲ್ಲಿ ಆದದ್ದಲ್ಲ, ಹೂವಿನಲ್ಲೇ ಆಗಿಹೋಗಿತ್ತು, ಅವನ ಕಣ್ಣೆದುರಿಗೇ. ದರ್ಜಿಗೆ ಅಂದು ಒಂದು ಚಿಟಿಕೆ ಕೊಟ್ಟಿದ್ದರೆ ಇಂದು ಗೋಡೆಯಾಚೆ ಕೈಯೊಡ್ಡಬಹುದಿತ್ತು. ಕೊಟ್ಟಿರಲಿಲ್ಲ. ಅವನ ಅಮ್ಮನ ಈರುಳ್ಳಿ ಇನ್ನು ಎಲ್ಲಿಯೂ ಇರಲಿಲ್ಲ.

"ಏನು ಹುಡುಕ್ತಿದೀರಿ ಮಾವ?"

ಕೇಳಿದಳು. ಈ ಸಲ ಅವನು ಹೇಳಿದ. ದಪ್ಪ ಗಡ್ಡೆ ನೆಡಬಾರದಿತ್ತು ಅಂತ ಹೇಳಿದ. ಹೂದಂಟು ಬಂದಾಗಲೇ ಕೀಳಬೇಕಿತ್ತು ಅಂತ ಹೇಳಿದ. ಮೂಲೆಯ ಹೂವಿಗೂ ಮಡಿಯ ಹೂವಿಗೂ ಜೇನುಹುಳ ನಂಟು ಕಟ್ಟಿದ್ದನ್ನು ಹೇಳಿದ. ಅವೆಲ್ಲ ತನಗೆ ಮೊದಲ ದಿನದಿಂದ ಗೊತ್ತಿತ್ತು ಅನ್ನುವುದನ್ನು ಹೇಳದೆ ಇದನ್ನೆಲ್ಲ ಹೇಳುವ ದಾರಿ ಇರಲಿಲ್ಲ, ಅದನ್ನೂ ಹೇಳಿದ. ಅಭ್ಯಾಸ ಮಾಡಿಟ್ಟ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ, "ಅವತ್ತು ಅಂಗಡೀಲಿ ನೀನು ನನ್ನನ್ನ..." ಅಂತ ಶುರು ಮಾಡಿ ನಿಲ್ಲಿಸಿದ. ಅವಳ ಮುಖ ನೋಡಿದರೆ, ಯಾವತ್ತು, ಏನು ಅನ್ನುವುದೇ ಅವಳಿಗೆ ನೆನಪಿರಲಿಲ್ಲ.

"ನಾನು ಕೇಳಿದ್ದೆ ಮಾವ" ಅಂದಳು ಸೊಸೆ. "ಕಿಟಕಿ ಕೆಳಗೆ ನಿಂತು ಕೇಳಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಜ್ಜನೂ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು. ಅವಳು ಕೈ ತೊಳೆದುಕೊಂಡು, ಸೀರೆ ಬದಲಿಸಿ, ಔಷಧಿ ಅಂಗಡಿಗೆ ಹೊರಟಳು.

ಆಮೇಲೂ ಅವಳು ಅವನಿಗೆ ಏನೂ ಕಡಿಮೆ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಬೆನ್ನಿಗೆ ಬಿಸಿನೀರಿನ ಚೀಲ, ಮಾತ್ರೆ, ತೊಳೆದ ಬಟ್ಟೆ. ಆದರೆ ಬಿಸಿನೀರು ಬೇಕಾ ಮಾವ ಅನ್ನುತ್ತಿರಲಿಲ್ಲ, ತಂದು ಇಡುತ್ತಿದ್ದಳು. ಇನ್ನೂ ಬಡಿಸಲಾ ಅನ್ನುತ್ತಿರಲಿಲ್ಲ, ಬಡಿಸುತ್ತಿದ್ದಳು.

ಮತ್ತೆ ನೆಡುವ ಕಾಲ ಬಂತು. ಸೊಸೆ ಪೇಟೆಯಿಂದ ಯಾವುದೋ ಬಿಳಿ ಸಿಪ್ಪೆಯ ಪುಟ್ಟ ಗಡ್ಡೆಗಳನ್ನು ತಂದು ಮೆಟ್ಟಿಲ ಮೇಲೆ ಕೂತಳು. ಮಡಿಯ ಮಣ್ಣು ಇನ್ನೂ ಜಿಗಿಜಿಗಿ ಹಸಿ ಇತ್ತು. ಅಜ್ಜನಿಗೆ ತಡೆಯಲಾಗಲಿಲ್ಲ. "ಇವತ್ತು ಬೇಡಮ್ಮ. ಎರಡು ದಿನ ಬಿಸಿಲಿಗೆ ಆರಲಿ. ಈ ಹಸಿಯಲ್ಲಿ ನೆಟ್ಟರೆ ಬುಡ ಕೊಳೆಯುತ್ತೆ" ಅಂದ ಕಿಟಕಿಯಿಂದ. ಮಾತು ನಿಜವಾಗಿತ್ತು, ಅವನ ದನಿಯಲ್ಲಿ ಎಂದೂ ಇರದ ವಿನಯವೂ ಇತ್ತು.

"ಸರಿ ಮಾವ" ಅಂದಳು ಸೊಸೆ. ಎದ್ದು ಮೋಟುಗೋಡೆಯ ಹತ್ತಿರ ಹೋದಳು. "ಅಣ್ಣಾ, ಮಣ್ಣು ಇಷ್ಟು ಹಸಿ ಇದ್ರೆ ಈರುಳ್ಳಿ ನೆಡಬಹುದಾ?"

ಗೋಡೆಯಾಚೆ ಹಿತ್ತಲ ಕಟ್ಟೆಯ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದ ದರ್ಜಿ ಬಾಯಿಂದ ದಾರ ತೆಗೆದ. "ನನ್ನನ್ನ ಕೇಳ್ತೀಯಲ್ಲಮ್ಮ! ಈರುಳ್ಳಿಗೆ ಹೂವಾಗುತ್ತೆ ಅಂತ ನಂಗೆ ಗೊತ್ತಾಗಿದ್ದೇ ಹೋದ ವರ್ಷ. ಮನೇಲೇ ಮಾವ ಇದ್ದಾರೆ, ಅವರನ್ನ ಕೇಳಬಾರದಾ?"

"ಅವರನ್ನ ಕೇಳಿ ನೋಡಿದೀನಿ ಅಣ್ಣ" ಅಂದಳು ಸೊಸೆ.

ಕಿಟಕಿ ತೆರೆದೇ ಇತ್ತು. ದರ್ಜಿ ಒಮ್ಮೆ ಆ ಕಡೆ ನೋಡಿ, ಮತ್ತೆ ದಾರ ಕಚ್ಚಿಕೊಂಡು ಒಳಗೆ ಹೋದ.